ಕಾಶವ್ವನ ಕಣ್ಣಿನ ಉಪ್ಪುನೀರು

ಕಣ್ಣಿನ ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಗೋಡೆಯ ಮೇಲಿನ ಫೋಟೋ ನೋಡುತ್ತಾರೆ, ಆಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: "ಮೇಡಂ, ನೀವು ಒಟ್ಟು ಎಷ್ಟು ಪೊರೆ ತೆಗೆದಿರಬಹುದು?" ನನಗೆ ರೇಗುತ್ತದೆ. ತಲೆ ಎಣಿಸಲಿಕ್ಕೆ ನಾನೇನು ಕುರಿ ಕಾಯುತ್ತಿದ್ದೆನೇ? ಪೊರೆ ತೆಗೆಸಿಕೊಂಡವರು ಕಣ್ಣು ಬಿಟ್ಟರು, ಮೊಮ್ಮಕ್ಕಳ ಮುಖ ನೋಡಿದರು, ಕೈ ಮುಗಿದು ಊರಿಗೆ ಹೋದರು. ಒಳ್ಳೆಯದಾಯಿತು. ಅವರಲ್ಲಿ ಒಬ್ಬರ ಮುಖವೂ ನನಗೆ ಈಗ ಸರಿಯಾಗಿ ನೆನಪಿಲ್ಲ.

ನೆನಪಿರುವವರು ಬೇರೆ. ಕೀಲುಗಳ ರೋಗ ಕಣ್ಣಿಗೆ ಏರಿದವರು. ನಮ್ಮ ಮೈಯೇ ನಮ್ಮ ಮೈಯನ್ನು ಹಗೆಯೆಂದು ತಿಳಿದು ಕಚ್ಚುವ ಕೆಲವು ರೋಗಗಳಿವೆ. ಬೆರಳು, ಮಂಡಿ, ಬೆನ್ನು ಅವುಗಳ ಮೊದಲ ತುತ್ತು. ಎಷ್ಟೋ ಜನರಲ್ಲಿ ಅವು ಕಣ್ಣನ್ನೂ ಬಿಡುವುದಿಲ್ಲ. ಅಲ್ಲಿ ಚಾಕು ನಡೆಯುವುದಿಲ್ಲ, ಕನ್ನಡಕ ನಡೆಯುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳಬೇಕಾದದ್ದೇನಾದರೂ ಇದ್ದರೆ ಅದು ಅವರ ಬಗ್ಗೆಯೇ. ಅದು ಸಂತೋಷದ ಮಾತಲ್ಲ, ಮೊದಲೇ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಬಿಜಾಪುರದ ಒಂದು ಧರ್ಮಾರ್ಥ ಕಣ್ಣಿನ ದವಾಖಾನೆಯಲ್ಲಿದ್ದೆ. ನಮಗೊಂದು ಹಳೆಯ ಜೀಪು ಇತ್ತು, ಅದನ್ನು ಓಡಿಸಲು ಹುಸೇನಸಾಬರು ಇದ್ದರು. ಒಂದು ವಾರ ಇಂಡಿ, ಮುಂದಿನ ವಾರ ಸಿಂದಗಿ, ಆಮೇಲೆ ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ, ಹೀಗೆ ತಿಂಗಳಿಗೊಮ್ಮೆ ಒಂದೊಂದು ಊರಿಗೆ ನಮ್ಮ ಸರದಿ. ಯಾವುದಾದರೂ ಧರ್ಮಶಾಲೆಯ ಪಡಸಾಲೆಯಲ್ಲಿ ಎರಡು ಬೆಂಚು ಹಾಕಿದರೆ ಅದೇ ದವಾಖಾನೆ. ಕಣ್ಣನ್ನು ದೊಡ್ಡದು ಮಾಡಿ ತೋರಿಸುವ ಯಂತ್ರ ಬಿಜಾಪುರದಲ್ಲಿ ಮಾತ್ರ ಇತ್ತು. ಸರದಿಯಲ್ಲಿ ನಮ್ಮ ಹತ್ತಿರ ಇದ್ದದ್ದು ಒಂದು ಬ್ಯಾಟರಿ, ಒಂದು ಭೂತಗನ್ನಡಿ, ಟ್ರಂಕಿನ ತುಂಬ ಮುಲಾಮು ಮತ್ತು ಹನಿ ಔಷಧದ ಬಾಟಲಿಗಳು.

ನನ್ನ ಮೇಲಿನವರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಮೈಸೂರು ಕಡೆಯವರು, ಕೈ ಬಂಗಾರ. ಅವರು ಪೊರೆ ತೆಗೆಯುವುದನ್ನು ನೋಡುತ್ತ ನಿಂತರೆ ಹಸಿವೆ ಮರೆತುಹೋಗುತ್ತಿತ್ತು. ಆದರೆ ಬಾಯಿ ಮಾತ್ರ ಹೊಲಿದಿಟ್ಟಂತೆ. ರೋಗಿಯ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ರೆಪ್ಪೆ ಎತ್ತಬೇಕು, ನೋಡಬೇಕು, ಮುಂದಿನವರು ಬರಬೇಕು. ನಾನು ಯಾರದಾದರೂ ಕಾಲುನೋವಿನ ಮಾತು ಕೇಳುತ್ತ ಕೂತರೆ ಪಕ್ಕದ ಬೆಂಚಿನಿಂದ ದನಿ ಬರುತ್ತಿತ್ತು: "ನೀವು ಕಣ್ಣಿನ ಡಾಕ್ಟರು ಕಣ್ರೀ, ಮೂಳೆ ಡಾಕ್ಟರಲ್ಲ." ಅವರ ಮಾತಿನಲ್ಲೂ ನ್ಯಾಯವಿತ್ತು. ಹೊರಗೆ ಬಿಸಿಲಿನಲ್ಲಿ ಸಾಲು ಬೀದಿಯ ತಿರುವಿನವರೆಗೆ ನಿಂತಿರುತ್ತಿತ್ತು.

ಇಂಡಿಯ ಸರದಿಗೆ ಒಮ್ಮೆ ನಿಂಬೆ ತೋಟದ ಒಬ್ಬ ಹುಡುಗ ಬಂದ. ಹುಡುಗನೆಂದರೆ ಮದುವೆಯಾದವನೇ, ಗಟ್ಟಿ ಆಳು. ಒಂದು ಕಣ್ಣು ಕೆಂಪಗೆ ಉರಿಯುತ್ತಿತ್ತು, ಬೆಳಕಿಗೆ ಬಿಡಲಾಗದು. ನಿಂಬೆ ಮುಳ್ಳು ತಾಗಿದೆ ಎಂದ. ಸಾಹೇಬರು ಮುಳ್ಳಿಗಾಗಿ ಕಣ್ಣೆಲ್ಲ ಹುಡುಕಿ, ಸಿಗದೆ, ನನ್ನ ಬೆಂಚಿಗೆ ತಳ್ಳಿದರು.

"ಮ್ಯಾಲ ನೋಡಪಾ," ಎಂದೆ. ಕಣ್ಣುಗುಡ್ಡೆಯಷ್ಟೇ ಮೇಲೆ ಹೋಯಿತು, ತಲೆ ಇದ್ದಲ್ಲೇ ಇತ್ತು.

"ಕುತ್ತಿಗಿ ಎತ್ತೋ ಮಾರಾಯಾ, ಏನ್ ಮದಿಮಗಳಗತೆ ಕುಂತೀದಿ!"

"ಏಳೂದಿಲ್ರಿ ಬಾಯಾರ. ಮುಂಜಾನೆ ನಮ್ಮಣ್ಣ ಹಿಡದ ಎಬ್ಬಿಸಬೇಕ್ರಿ. ಬಿಸಲೇರಿದ ಮ್ಯಾಲ ಬೆನ್ನು ಸಡಲ ಆಗ್ತೈತಿ."

ಅಂಗಿ ಎತ್ತಿಸಿ ನೋಡಿದರೆ ಬೆನ್ನ ತುಂಬ ಬರೆ ಹಾಕಿದ ಕಲೆಗಳು. ವಾಯು ಹಿಡಿದಿದೆ ಎಂದು ಯಾರೋ ಕಬ್ಬಿಣ ಕಾಸಿ ಸುಟ್ಟಿದ್ದರು. ಕಣ್ಣು ಹೀಗೆ ಎಷ್ಟು ಸಲ ಕೆಂಪಾಗಿದೆ ಎಂದರೆ ಅವನಿಗೇ ಲೆಕ್ಕವಿರಲಿಲ್ಲ. ಮುಳ್ಳು ಅಷ್ಟು ಸಲ ಒಂದೇ ಕಣ್ಣು ಹುಡುಕಿಕೊಂಡು ಬರುತ್ತದೆಯೇ? ಪಾಪೆ ಬಿಡಿಸುವ, ಅಂದರೆ ಅಗಲ ಮಾಡುವ, ಹನಿ ಹಾಕಿ ಕೂರಿಸಿದೆ. ಸಂಜೆಗೆ ಪಾಪೆ ದುಂಡಗೆ ಬಿಡಲಿಲ್ಲ, ಹರಿದ ಬಟ್ಟೆಯ ತೂತಿನಂತೆ ಅಡ್ಡಾದಿಡ್ಡಿಯಾಗಿ ಬಿಟ್ಟಿತು. ಒಳಗಿನ ಪರದೆ ಅಲ್ಲಲ್ಲಿ ಅಂಟಿಕೊಂಡುಬಿಟ್ಟಿತ್ತು. ಬೆನ್ನನ್ನು ಬಿಗಿಯುತ್ತಿದ್ದ ರೋಗವೇ ಕಣ್ಣನ್ನೂ ಬಿಗಿದಿತ್ತು. ಸಾಹೇಬರು ಬಂದು ನೋಡಿ "ಹೂಂ" ಎಂದರು. ಅವರ ಬಾಯಿಂದ "ಹೂಂ" ಬಂದರೆ ಅದು ಶಹಬ್ಬಾಸ್‌ಗಿರಿ. ಅಂದಿನಿಂದ ಬೆನ್ನು ಬಗ್ಗದವರು, ಬೆರಳು ಮಡಚದವರು ಎಲ್ಲರೂ ನನ್ನ ಬೆಂಚಿಗೆ ಬರತೊಡಗಿದರು. ನಮ್ಮ ಕಡೆ ಡಾಕ್ಟರಮ್ಮನನ್ನು 'ಬಾಯಾರ' ಎಂದೇ ಕರೆಯುವುದು, ಹುಸೇನಸಾಬರು ಅವರಿಗೆ 'ಬಾಯಾರ ಮಂದಿ' ಎಂದೇ ಹೆಸರಿಟ್ಟರು.

ಬಾಯಾರ ಮಂದಿಯಲ್ಲಿ ಗೆದ್ದವರು ಕಡಿಮೆ. ನಾಲತವಾಡದಿಂದ ಒಬ್ಬ ತಂದೆ, ಡಾಕ್ಟರು ಬಂದಿದ್ದಾರೆ ಎಂದಷ್ಟೇ ಕೇಳಿ, ಮಂಡಿ ಊದಿದ ಮಗಳನ್ನು ಹೆಗಲ ಮೇಲೆ ಹೊತ್ತು ಮುದ್ದೇಬಿಹಾಳಕ್ಕೆ ತಂದಿದ್ದ. ಕಣ್ಣು ಬೆಳ್ಳಗೆ, ನೋವಿಲ್ಲ, ಕೆಂಪಿಲ್ಲ. ಆದರೂ ಬ್ಯಾಟರಿ ಬಿಟ್ಟು ನೋಡಿದೆ. "ಕಾಲ ನೋಡ್ರಿ ಅಂದ್ರ ಕಣ್ಣಿಗೆ ಬ್ಯಾಟರಿ ಬಿಡ್ತೀರಲ್ರಿ, ನಿಮಗ ತಲಿ ನೆಟ್ಟಗೈತೋ ಇಲ್ಲೋ!" ಎಂದು ಕೂಗಾಡಿದ. ಆ ಮಗುವಿನ ಕಣ್ಣು ಒಳಗೊಳಗೇ ಸುಟ್ಟು ಬಹಳ ದಿನವಾಗಿತ್ತು. ಚಿಕ್ಕ ಮಕ್ಕಳಲ್ಲಿ ಈ ರೋಗ ಕಣ್ಣಿಗೆ ಸದ್ದಿಲ್ಲದೆ ಬರುತ್ತದೆ, ಮಗು ಅಳುವುದೂ ಇಲ್ಲ. ಔಷಧ ಕೊಟ್ಟೆ, ಮತ್ತೆ ಕರೆದುಕೊಂಡು ಬಾ ಎಂದೆ. ಅವನು ಬರಲಿಲ್ಲ. ಸಿಂದಗಿಯ ಒಬ್ಬ ಹೆಣ್ಣುಮಗಳು ಬಿತ್ತನೆಯ ಹೊತ್ತಿಗೆ ಸರಿಯಾಗಿ ಹನಿ ಹಾಕುವುದನ್ನು ನಿಲ್ಲಿಸಿದಳು. ಹನಿಯಿಂದ ಪಾಪೆ ಅಗಲವಾದರೆ ಹತ್ತಿರದ್ದು ಮಸುಕಾಗುತ್ತದೆ, ಕೂರಿಗೆಗೆ ಕಾಳು ಬಿಡುವುದು ಕಾಣುವುದಿಲ್ಲ, ಅದಕ್ಕೇ ನಿಲ್ಲಿಸಿದಳು. ಬಿತ್ತನೆ ಮುಗಿಸಿ ಬಂದಾಗ ಪಾಪೆ ಮುಚ್ಚಿಕೊಂಡಿತ್ತು. ನಾವು ಬಾಟಲಿ ಕೊಟ್ಟು ಕಳಿಸುತ್ತೇವೆ, ಆ ಬಾಟಲಿ ಮನೆಯಲ್ಲಿ ಏನೇನು ಮಾಡುತ್ತದೆ ಎನ್ನುವುದು ನಮಗೆ ಗೊತ್ತಾಗುವುದಿಲ್ಲ. ಈ ಮಾತನ್ನು ನನಗೆ ಪೂರ್ತಿ ಕಲಿಸಿದವಳು ಕಾಶವ್ವ.

ಕಾಶವ್ವ ಮೊದಲ ಸಲ ಬಸವನ ಬಾಗೇವಾಡಿಯ ಸರದಿಗೆ ಬಂದಾಗ ಅವಳ ಜೊತೆ ಗಂಡ ಸಿದ್ದಪ್ಪ ಇದ್ದ. ಗೊಳಸಂಗಿ ಆಚೆಯ ಒಂದು ಸಣ್ಣ ಹಳ್ಳಿಯವರು, ಹೊಲ ಮನೆ ಇದ್ದವರು, ಮಕ್ಕಳಿರಲಿಲ್ಲ. ಅವಳಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಕೈಬೆರಳುಗಳು ಮಾತ್ರ ಎಲ್ಲವೂ ಕಿರುಬೆರಳಿನ ಕಡೆಗೆ ವಾಲಿ, ಗೆಣ್ಣುಗಳು ಉಬ್ಬಿ, ಮುದುಕಿಯ ಕೈಯಂತಾಗಿದ್ದವು. ರೊಟ್ಟಿ ಬಡಿಯುವುದು ಅವಳಿಂದ ಆಗುತ್ತಿರಲಿಲ್ಲ. ಸೊಸೆ ಇದ್ದೂ ಅತ್ತೆ ಗುರುಬಾಯಿಯೇ ರೊಟ್ಟಿ ಬಡಿಯಬೇಕಿತ್ತು. ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ.

"ಕಣ್ಣಾಗ ಉಸುಕ ತುಂಬಿದಂಗ ಆಗ್ತೈತ್ರಿ," ಎಂದಳು. "ಮುಂಜಾನೆ ರೆಪ್ಪಿ ತಗದ್ರ ಚರ್ಮ ಕಿತ್ತ ಬಂದಂಗ ಆಗ್ತೈತಿ."

ಸಾಹೇಬರು ರೆಪ್ಪೆ ಮಗುಚಿ ನೋಡಿದರು. ಹಳೆಯ ಟ್ರಕೋಮಾ ಸೋಂಕಿನ ಕಲೆ ಇತ್ತು. ಆಗ ನಮ್ಮ ಜಿಲ್ಲೆಯಲ್ಲಿ ಅದು ಇಲ್ಲದ ರೆಪ್ಪೆ ಸಿಗುವುದೇ ಅಪರೂಪ. "ಟ್ರಕೋಮಾ, ಜೊತೆಗೆ ಒಲೆ ಹೊಗೆ. ಮುಲಾಮು ಕೊಡಿ," ಎಂದು ಮುಗಿಸಿದರು. ಮುಲಾಮಿನಿಂದ ಗುಣವಾಗಲಿಲ್ಲ. ಮುಂದಿನ ಸರದಿಗೂ ಬಂದರು, ಅದರ ಮುಂದಿನದಕ್ಕೂ ಬಂದರು.

ಒಂದು ಮಧ್ಯಾಹ್ನ ಪಡಸಾಲೆಯ ಮೂಲೆಯಲ್ಲಿ ಗಂಡ ಹೆಂಡತಿ ಬುತ್ತಿ ಬಿಚ್ಚಿಕೊಂಡು ಉಣ್ಣುತ್ತಿದ್ದರು. ಸಿದ್ದಪ್ಪ ರೊಟ್ಟಿಯನ್ನು ಚಟ್ನಿಪುಡಿ ಹಚ್ಚಿ ಕಟಕಟ ಕಡಿಯುತ್ತಿದ್ದ. ಇವಳು ರೊಟ್ಟಿ ಮುರಿದು ನೀರಿನ ಬಟ್ಟಲಲ್ಲಿ ನೆನೆಹಾಕಿ, ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು ಕುಡಿಯುತ್ತಿದ್ದಳು.

"ಯಾಕವಾ, ಹಲ್ಲು ಬ್ಯಾನಿ ಏನು?" ಎಂದೆ.

ಸಿದ್ದಪ್ಪ ಹೇಳಿದ: "ಹಲ್ಲಲ್ರಿ ಬಾಯಾರ. ಆಕಿ ಬಾಯಾಗ ಉಗುಳ ಇಲ್ರಿ. ಒಣಾ ರೊಟ್ಟಿ ಇಳೂದ ಇಲ್ಲ."

ನನಗೆ ಓದಿದ್ದೆಲ್ಲ ಒಮ್ಮೆಲೇ ನೆನಪಾಯಿತು. ಕೀಲಿನ ರೋಗ, ಒಣ ಬಾಯಿ, ಒಣ ಕಣ್ಣು. ಬಿಜಾಪುರದಿಂದ ಸೋಸುಕಾಗದ ತಂದು, ಕತ್ತರಿಯಿಂದ ಬೆರಳುದ್ದದ ಪಟ್ಟಿ ಮಾಡಿಕೊಂಡೆ. ಪಟ್ಟಿಯ ತುದಿ ಮಡಚಿ ಕೆಳರೆಪ್ಪೆಗೆ ಸಿಕ್ಕಿಸಿ ಸ್ವಲ್ಪ ಹೊತ್ತು ಬಿಡಬೇಕು. ನಿಮ್ಮ ನನ್ನ ಕಣ್ಣಿಗಾದರೆ ಕಣ್ಣೀರು ಬಂದು ಕಾಗದ ಒದ್ದೆಯಾಗುತ್ತ ಇಳಿಯುತ್ತದೆ. ಕಾಶವ್ವನ ಕಾಗದ ಇಟ್ಟಂತೆಯೇ ಇತ್ತು. ತೆಗೆಯುವಾಗ ಕಣ್ಣಿಗೆ ಅಂಟಿಕೊಂಡಿದ್ದನ್ನು ಮೆಲ್ಲಗೆ ಬಿಡಿಸಬೇಕಾಯಿತು.

"ಈಕಿ ಕೀಲು ಹಿಡದ ರೋಗನ ಕಣ್ಣೀರಿನ ಗ್ರಂಥಿ ತಿಂದೈತಿ," ಎಂದು ಸಿದ್ದಪ್ಪನಿಗೆ ಹೇಳಿದೆ. "ಕಣ್ಣೀರ ಬರೂದಿಲ್ಲ. ಅದಕ್ಕ ಉರಿ."

ಅವನು ನಕ್ಕ. "ಅಂದ್ರ ಈಕಿಗಿ ಅಳಾಕ ಬರೂದಿಲ್ಲೇನ್ರಿ? ಚಲೋ ಆತ ಬಿಡ್ರಿ! ನಾ ಸತ್ರ ಸುಮ್ನ ಕುಂಡ್ರತಾಳ, ಮಂದಿಗಿ ತ್ರಾಸಿಲ್ಲ."

"ನಿಮ್ಮ ಬಾಯಾಗ ಹುಳಾ ಬೀಳ್ಲಿ," ಎಂದು ಕಾಶವ್ವ ಅವನ ತೋಳಿಗೆ ಗುದ್ದಿದಳು. ನಾನೂ ನಕ್ಕೆ, ಹುಸೇನಸಾಬರೂ ನಕ್ಕರು.

ಈಗ ಇದಕ್ಕೆ ಅಂಗಡಿಯಲ್ಲಿ ಬಗೆಬಗೆಯ ಹನಿಗಳು ಸಿಗುತ್ತವೆ. ಆಗ ನಾನು ಕಲಿಸಿಕೊಟ್ಟದ್ದು ಉಪ್ಪುನೀರು. ನೀರನ್ನು ಚೆನ್ನಾಗಿ ಕುದಿಸಿ, ಹದವಾಗಿ ಉಪ್ಪು ಹಾಕಿ, ಆರಿಸಿ, ಕುದಿಸಿ ತೊಳೆದ ಬಾಟಲಿಯಲ್ಲಿ ತುಂಬಬೇಕು. ದಿನಾ ಹೊಸದು ಮಾಡಬೇಕು. ಉರಿ ಬಂದಾಗಲೆಲ್ಲ ಎರಡು ಹನಿ. ಕಾಶವ್ವನ ಬೆರಳಿಗೆ ಹನಿನಳಿಗೆ ಒತ್ತುವ ಶಕ್ತಿ ಇರಲಿಲ್ಲ, ಆ ಕೆಲಸ ಸಿದ್ದಪ್ಪನ ಪಾಲಿಗೆ ಬಂತು. ಎದ್ದ ಕೂಡಲೇ ಹಾಕುತ್ತಿದ್ದ, ಹೊಲದಿಂದ ಉಣ್ಣಲು ಬಂದಾಗ ಹಾಕುತ್ತಿದ್ದ, ದೀಪ ಹಚ್ಚುವ ಹೊತ್ತಿಗೆ ಹಾಕುತ್ತಿದ್ದ. ಗಂಡಸು ತಾಯಿಯ ಕಣ್ಣೆದುರು ಹೆಂಡತಿಯ ಸೇವೆ ಮಾಡುವ ರೂಢಿ ಎಲ್ಲಿದೆ? ಹಾಗಾಗಿ ಹಿತ್ತಲಿಗೆ ಕರೆದುಕೊಂಡು ಹೋಗಿ, ಬಣವೆಯ ಮರೆಯಲ್ಲಿ ಕೂರಿಸಿ ಹಾಕುತ್ತಿದ್ದನಂತೆ. ಗುರುಬಾಯಿಗೆ ಗೊತ್ತಿದ್ದದ್ದು ಇಷ್ಟೇ: ಸೊಸೆ ತನ್ನ ಒಲೆಯ ಮೇಲೆ ದಿನಾ ಉಪ್ಪುನೀರು ಕುದಿಸುತ್ತಾಳೆ, ಮಗ ಅದನ್ನು ಅವಳ ಕಣ್ಣಿಗೆಂದು ಬಾಟಲಿಗೆ ತುಂಬಿಕೊಳ್ಳುತ್ತಾನೆ. ಇದು ಕಣ್ಣೀರೇ ಬಾರದ ರೋಗ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಉಪ್ಪನೀರೂ ಒಂದ್ ದವಾ ಏನು? ಎತ್ತಿಗಿ ನೀರ ಕುಡಸೂದ ಬಿಟ್ಟ ಹೆಂಡ್ತಿ ಕಣ್ಣಿಗಿ ಕುಡಸಾಕತ್ತಾನ," ಎಂದು ಗೊಣಗುತ್ತಿದ್ದಳಂತೆ. ಅವನು ಅದನ್ನೂ ನಮಗೆ ಬಂದು ನಗುತ್ತ ಹೇಳುತ್ತಿದ್ದ. ಗಂಡನಿಗೆ ಹೇಳಿದರೆ ಮನೆಗೆಲ್ಲ ಹೇಳಿದಂತೆ ಎಂದು ಡಾಕ್ಟರುಗಳೆಲ್ಲ ನಂಬಿದ್ದ ಕಾಲ ಅದು.

ಕಾಶವ್ವನ ಕಣ್ಣು ತಿಳಿಯಾಯಿತು. ರೋಗ ಹೋಗಲಿಲ್ಲ, ಆದರೆ ಕಣ್ಣು ನಿಂತಿತು. ಸಾಹೇಬರೂ ಒಮ್ಮೆ ನೋಡಿ "ಹೂಂ" ಎಂದರು.

ಆಮೇಲೆ ಒಂದು ಸರದಿಗೆ ಇಬ್ಬರೂ ಬರಲಿಲ್ಲ. ಹುಸೇನಸಾಬರು ಚಹಾದಂಗಡಿಗೆ ಹೋದವರು ಮುಖ ಸಣ್ಣದು ಮಾಡಿಕೊಂಡು ಬಂದರು. "ಬಾಯಾರ, ನಮ್ಮ ಸಿದ್ದಪ್ಪ ಹೋದ್ನಂತ್ರಿ. ಬಾವಿ ಹೂಳ ತೆಗ್ಯಾಕ ಇಳದಿದ್ನಂತ, ಮಣ್ಣ ಕುಸೀತಂತ." ಆ ದಿನ ನಾನು ಎಷ್ಟು ಕಣ್ಣು ನೋಡಿದೆನೋ, ಏನು ನೋಡಿದೆನೋ ತಿಳಿಯದು. ಕಾಶವ್ವನಿಗೆ ಈಗ ಹನಿ ಹಾಕುವವರು ಯಾರು ಎನ್ನುವುದೊಂದೇ ತಲೆಯಲ್ಲಿತ್ತು. ಆಕೆಯನ್ನು ತವರಿಗೆ ಕಳಿಸಿದ್ದಾರೆ ಎಂದಷ್ಟೇ ತಿಳಿಯಿತು.

ತಿಂಗಳುಗಳು ಕಳೆದ ಮೇಲೆ ಅವಳ ಅಣ್ಣ ಹೂವಿನ ಹಿಪ್ಪರಗಿಯಿಂದ ಅವಳನ್ನು ಕೈಹಿಡಿದು ಕರೆತಂದ. ಸೆರಗು ಮುಖದ ಮೇಲೆ ಇಳಿಬಿಟ್ಟಿದ್ದಳು. ಸೆರಗು ಸರಿಸಿ ನೋಡಿದೆ. ಬಲಗಣ್ಣಿನ ಕರಿಗುಡ್ಡೆಯ ಅಂಚು ಕರಗಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು.

"ನೀರ ಹಾಕ್ಕೊಳ್ಳಾಕತ್ತೀಯೋ ಇಲ್ಲೋ?"

ಅವಳು ಸೆರಗನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡಳು. ಅಣ್ಣ ಹೇಳಿದ: "ಇಲ್ರಿ. ಬಾಟ್ಲಿ ಕಂಡ್ರ ಮಾರಿ ತಿರವತಾಳ. ನಾವು ಹೇಳಿ ಹೇಳಿ ಸಾಕಾಗೇತ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಹುಚ್ಚಿ ಅದೀಯೇನ ನೀ? ಕಣ್ಣ ಹೋಗ್ತಾವ ಕಾಶವ್ವ, ಎರಡೂ ಹೋಗ್ತಾವ!"

"ಹೋಗ್ಲಿ ಬಿಡ್ರಿ ಬಾಯಾರ," ಎಂದಳು. ಆಮೇಲೆ ಒಣ ನಾಲಿಗೆಯಿಂದ ತಡೆತಡೆದು, ನಡುನಡುವೆ ನೀರು ಕುಡಿಯುತ್ತ ಹೇಳಿದಳು.

ಸಿದ್ದಪ್ಪನ ಹೆಣವನ್ನು ಪದ್ಧತಿಯಂತೆ ಮನೆಯ ಪಡಸಾಲೆಯಲ್ಲಿ ಕೂರಿಸಿದ್ದರು. ಊರ ಹೆಂಗಸರೆಲ್ಲ ಸುತ್ತ ಕೂತು ಹಾಡ್ಯಾಡಿ ಅಳುತ್ತಿದ್ದರು. ಸತ್ತವನ ಗುಣವನ್ನು ಒಂದೊಂದಾಗಿ ಹಾಡಿ ಹೇಳಿ ಅಳುವುದು ನಮ್ಮ ಕಡೆಯ ಪದ್ಧತಿ, ಹೆಂಡತಿಯಾದವಳು ಎಲ್ಲರಿಗಿಂತ ಮುಂದೆ ಅಳಬೇಕು. ಕಾಶವ್ವನ ಕಣ್ಣಲ್ಲಿ ಹನಿ ಇಲ್ಲ, ಬಾಯಲ್ಲಿ ಪಸೆ ಇಲ್ಲದೆ ದನಿಯೂ ಏಳಲಿಲ್ಲ. ಕಲ್ಲಿನಂತೆ ಕೂತಳು. ಹೆಂಗಸರು ಅವಳ ಮುಖ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರುಬಾಯಿ ಅಂದು ಏನೂ ಅನ್ನಲಿಲ್ಲ. ಮೂರನೆಯ ದಿನ ಬೀಗರೆಲ್ಲ ಕೂಡಿದ್ದಾಗ ಕಣ್ಣುರಿ ತಡೆಯಲಾಗದೆ ಕಾಶವ್ವ ಹಿತ್ತಲಿಗೆ ಹೋಗಿ, ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕಣ್ಣಿಗೆ ಸುರಿದುಕೊಂಡಳು. ಅದು ಸಿದ್ದಪ್ಪ ತುಂಬಿಟ್ಟು ಹೋಗಿದ್ದ ನೀರು. ಕೆನ್ನೆಯ ಮೇಲೆಲ್ಲ ನೀರಿಳಿದು ತಿರುಗಿದರೆ ಬಣವೆಯ ಹತ್ತಿರ ಅತ್ತೆ ನಿಂತಿದ್ದಳು.

"'ನನ್ನ ಮಗನ ಸಾವಿಗಿ ಬಾಟ್ಲಿ ನೀರ ಹಾಕ್ಕೊಂಡ ಅಳತೀಯೇನ ರಂಡಿ' ಅಂದ್ರು," ಎಂದಳು ಕಾಶವ್ವ. "ಬೀಗರ ಮುಂದ ಕೈಹಿಡದ ಎಳಕೊಂಡ ಹೋಗಿ ಬಾಟ್ಲಿ ತೋರಿಸಿದ್ರು. ಕಲ್ಲಿಗಿ ಒಡದ್ರು. ನಾ ಏನ ಹೇಳ್ಲಿ? ನೀರ ಕೆನ್ನಿ ಮ್ಯಾಲ ಇತ್ತಲ್ರಿ. ಇನ್ನ ಆ ನೀರ ಹಾಕ್ಕೊಂಡ್ರ ನಾ ಖರೇನ ಸುಳ್ಳಾಕಿ ಆಗ್ತೇನಿ. ಆ ಮನ್ಯಾಗ ನನ್ನ ಸುಳ್ಳಾಕಿ ಅನ್ನೂತನಾ ನಂಗ ಯಾವ ನೀರೂ ಬ್ಯಾಡ."

ಸಾಹೇಬರನ್ನು ಕರೆದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಇವತ್ತೇ ಬಿಜಾಪುರಕ್ಕೆ ಕರ್ಕೊಂಡ್ಹೋಗಿ. ಕಣ್ಣು ಇನ್ನೂ ಒಣಗದ ಹಾಗೆ ರೆಪ್ಪೆ ಹೊಲೀಬೇಕು. ಬಲಗಣ್ಣು ಯಾವ ಗಳಿಗೇಲಿ ತೂತು ಬೀಳತ್ತೋ ಹೇಳೋಕಾಗಲ್ಲ."

"ಆಕಿ ಹೊಲಸ್ಕೊಳ್ಳಾಕ ಒಪ್ಪೂದಿಲ್ರಿ ಸಾಹೇಬರ. ಮೊದಲ ಆಕಿ ಅತ್ತಿ ಹಂತ್ಯಾಕ ಹೋಗಬೇಕು."

"ನೀವು ಡಾಕ್ಟರೋ, ಪಂಚಾಯ್ತಿ ಮಾಡೋರೋ? ಹೊರಗೆ ಸಾಲು ನೋಡಿ."

"ಸಾಲಿನ್ಯಾಗಿನ ಮಂದಿ ಮುಂದಿನ ತಿಂಗಳ ಬರ್ತಾರ್ರಿ. ಈ ಕಣ್ಣ ಬರೂದಿಲ್ಲ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ತಾವೇ ಕಾಶವ್ವನ ಬಲಗಣ್ಣಿಗೆ ಹತ್ತಿಯಿಟ್ಟು ಸಡಿಲವಾಗಿ ಪಟ್ಟಿ ಕಟ್ಟಿ, "ಜೀಪು ಮೆಲ್ಲಗೆ ಓಡಿಸೋಕೆ ಹೇಳಿ," ಎಂದು ಸಾಲಿನ ಕಡೆ ತಿರುಗಿದರು.

ಹಳ್ಳಿಗೆ ಹೋದಾಗ ಗುರುಬಾಯಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೊಸೆಯನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಯಾಕ ಬಂದ್ರಿ?"

ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ರೋಗದ ಮಾತು ಹೇಳಿದೆ. ನಿಮ್ಮ ಮಗನಿಗೆ ಇದೆಲ್ಲ ಗೊತ್ತಿತ್ತು ಎಂದೆ. "ನನ್ನ ಮಗ ಈಗ ಇಲ್ರೆವ್ವಾ ಹೇಳಾಕ," ಎಂದಳು. ಅಕ್ಕಪಕ್ಕದ ಹೆಂಗಸರು ಬಂದು ನಿಂತರು. ಬರಲಿ ಎಂದೇ ನನಗೂ ಇತ್ತು.

"ಅಂವಾ ಇಲ್ಲ. ಈ ಕಾಗದ ಐತಿ," ಎಂದು ಚೀಲದಿಂದ ಸೋಸುಕಾಗದ ತೆಗೆದೆ. "ಮೊದಲ ನಿಮ್ಮ ಕಣ್ಣಿಗಿ ಇಡ್ತೇನಿ. ಸುಳ್ಳಿದ್ರ ನನ್ನ ಇಲ್ಲೇ ಕುಂದ್ರಿಸಿ ಬೈರಿ."

ಮುದುಕಿಗೆ ಹಟ ಬಂತೋ ಏನೋ, ಮೊರ ಕೆಳಗಿಟ್ಟು ಮುಖ ಮುಂದೆ ಮಾಡಿದಳು. ಕಾಗದ ಸಿಕ್ಕಿಸಿದೆ. ಅವಳು ಎದುರಿಗೆ ಬಾವಿಯ ದಾರಿಯನ್ನೇ ನೋಡುತ್ತಿದ್ದಳು. ಕಾಗದ ನೋಡನೋಡುತ್ತ ತುದಿಯವರೆಗೆ ಒದ್ದೆಯಾಗಿ, ಅಲ್ಲಿಂದ ಹನಿ ಕೆಳಗಿಳಿಯಿತು. ತೆಗೆದ ಮೇಲೂ ಅವಳ ಕಣ್ಣೀರು ನಿಲ್ಲಲಿಲ್ಲ.

ಕಾಶವ್ವನ ಎಡಗಣ್ಣಿಗೆ ಇನ್ನೊಂದು ಕಾಗದ ಇಟ್ಟೆ. ಅದರ ಎರಡರಷ್ಟು ಹೊತ್ತು ಬಿಟ್ಟೆ.

"ಇನ್ನೂ ಒಣಾನ ಐತಲ್ಲೇ ಯವ್ವಾ!" ಎಂದಳು ನೆರೆಮನೆಯವಳೊಬ್ಬಳು.

ಕಾಗದ ಬಿಡಿಸಿ ತೆಗೆದು ಎರಡನ್ನೂ ಗುರುಬಾಯಿಯ ಅಂಗೈಯಲ್ಲಿಟ್ಟೆ. ಅವಳು ಒದ್ದೆಯದನ್ನು ಮುಟ್ಟಿದಳು, ಒಣಗಿದ್ದನ್ನು ಮುಟ್ಟಿದಳು. ಈಗ ಮನಸ್ಸು ಕರಗುತ್ತದೆ ಎಂದು ನಾನು ಕಾಯುತ್ತಿದ್ದೆ. ಅವಳು ತಲೆಯೆತ್ತಿ ನನ್ನನ್ನು ಕೇಳಿದಳು:

"ನೀರಿಲ್ಲ ಅನ್ನೂದು ಖರೇ ಆತು. ಆಕಿಗಿ ದುಃಖ ಇತ್ತೋ ಇಲ್ಲೋ, ಅದನ್ನ ಹೇಳೂ ಕಾಗದ ಐತೇನ್ರಿ ನಿಮ್ಮ ಹಂತ್ಯಾಕ?"

ನಾನು ಉಳಿದ ಕಾಗದವನ್ನು ಚೀಲಕ್ಕೆ ಹಾಕಿಕೊಂಡೆ. ಕಾಶವ್ವ ಎದ್ದು ಜೀಪಿನ ಕಡೆ ನಡೆದಳು. ಅವಳ ಹಿಂದೆ ನಾನೂ ನಡೆದೆ. ಜೀಪು ಹತ್ತುವಾಗ ಗುರುಬಾಯಿ ಕಟ್ಟೆಯಿಂದಲೇ ಕೂಗಿದಳು.

"ಆ ನೀರಿಗಿ ಉಪ್ಪ ಎಷ್ಟ ಹಾಕೂದ್ರಿ?"

ಹೇಳಿದೆ. ಅವಳು ಮತ್ತೆ ಮೊರ ಎತ್ತಿಕೊಂಡಳು.

ಹುಸೇನಸಾಬರು ತುಂಬಿದ ಕೊಡ ಹೊತ್ತವರಂತೆ ಜೀಪು ಓಡಿಸಿದರು. ಆದರೂ ಆ ರಸ್ತೆಯಲ್ಲಿ ಕುಳಿ ತಪ್ಪಿಸಿದರೆ ಕಲ್ಲು, ಕಲ್ಲು ತಪ್ಪಿಸಿದರೆ ಕುಳಿ. ಬಿಜಾಪುರ ಇನ್ನೂ ಅರ್ಧ ದಾರಿ ಇತ್ತು. ಕಾಶವ್ವ ಥಟ್ಟನೆ ನನ್ನ ಕೈ ಹಿಡಿದಳು.

"ಬಾಯಾರ, ನೀರ ಬಂತ್ರಿ!"

ಪಟ್ಟಿಯ ಕೆಳಗಿನಿಂದ ಒಂದು ಎಳೆ ನೀರು ಅವಳ ಕೆನ್ನೆಯ ಮೇಲೆ ಇಳಿದಿತ್ತು. ಅವಳು ಡೊಂಕು ಬೆರಳಿನಿಂದ ಅದನ್ನು ಮುಟ್ಟಿ ನೋಡಿಕೊಂಡಳು.

"ಬೆಚ್ಚಗ ಬಂತ್ರಿ. ಖರೇ ನೀರ. ಬಾಟ್ಲೀದಲ್ಲ. ನೋಡ್ರಿ, ನಾ ಅತ್ನಿ. ಅವರ ಸಲವಾಗಿ ಅತ್ನಿ."

ಈ ಬರಹ ಓದುವ ಹೊಸಬರಲ್ಲಿ ಕೆಲವರಿಗೆ ಅದೇನೆಂದು ಆಗಲೇ ತಿಳಿದಿರಬಹುದು. ತಿಳಿಯದವರಿಗೆ ಹೇಳುತ್ತೇನೆ. ಕರಿಗುಡ್ಡೆ ತೂತು ಬಿದ್ದಾಗ ಕಣ್ಣಿನೊಳಗಿನ ನೀರು ಹಾಗೆ ಬೆಚ್ಚಗೆ ಹೊರಗೆ ಬರುತ್ತದೆ. ಅದು ಕಣ್ಣೀರಲ್ಲ, ಕಣ್ಣು ಒಡೆದ ನೀರು. ಹುಸೇನಸಾಬರು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿ, ಜೀಪು ನಿಲ್ಲಿಸಿದರು. ನಾನು ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಮಲಗಿಸಿಕೊಂಡೆ. ಅವಳು ನಗುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ಬಲಗಣ್ಣು ಹೋಯಿತು. ಎಡಗಣ್ಣಿನ ರೆಪ್ಪೆಗಳನ್ನು ಹೊರಮೂಲೆಯಿಂದ ಅರ್ಧದವರೆಗೆ ಸಾಹೇಬರೇ ಹೊಲಿದರು. ಹಾಕಿದ ನೀರು ಇಂಗಿ ಹೋಗದಂತೆ ರೆಪ್ಪೆಯಂಚಿನಲ್ಲಿ ಮೂಗಿನ ಬದಿಗಿರುವ ಸಣ್ಣ ತೂತುಗಳನ್ನು ಸುಟ್ಟು ಮುಚ್ಚಿದರು. ಅರ್ಧ ತೆರೆದ ಆ ಒಂದು ಕಣ್ಣಿನಲ್ಲಿ ಅವಳಿಗೆ ದಾರಿ ಕಾಣುತ್ತಿತ್ತು, ಮಂದಿ ಕಾಣುತ್ತಿದ್ದರು. ಕೆಲವು ತಿಂಗಳ ಮೇಲೆ ಬಾಗೇವಾಡಿಯ ಸರದಿಗೆ ಅವಳನ್ನು ಕರೆತಂದವಳು ಗುರುಬಾಯಿ. ತವರಿನಿಂದ ತಾನೇ ಹೋಗಿ ಕರೆದುಕೊಂಡು ಬಂದಿದ್ದಳು. ನೀರು ತಾನೇ ಕುದಿಸುತ್ತಾಳೆ, ತಾನೇ ಹಾಕುತ್ತಾಳೆ, ಕಟ್ಟೆಯ ಮೇಲೆ ಕೂರಿಸಿ ಊರಿಗೆಲ್ಲ ಕಾಣುವಂತೆ ಹಾಕುತ್ತಾಳೆ. ಆದರೆ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಎಂದು ನೋಡಿದರೇ ತಿಳಿಯುತ್ತಿತ್ತು. ಮುದುಕಿ ಕೇಳಿದ ಪ್ರಶ್ನೆ ಅವರ ಮಧ್ಯದಲ್ಲಿ ಹಾಗೇ ಕೂತಿತ್ತು.

ನನ್ನ ಬೆಂಚಿನ ಕಲಿಕೆ ಇಷ್ಟೇ. ಕಣ್ಣು ನೋಡುವ ಮೊದಲು ಬೆರಳು ನೋಡಿ, ಬೆನ್ನು ನೋಡಿ, ಹೇಗೆ ಉಣ್ಣುತ್ತಾರೆ ನೋಡಿ. ಬಾಟಲಿ ಕೊಡುವಾಗ ಹೊರಗೆ ಕೂತ ಅತ್ತೆಯನ್ನೂ ಒಳಗೆ ಕರೆದು ಹೇಳಿ. ಇಷ್ಟನ್ನು ನೀವೂ ಕಲಿಯುತ್ತೀರಿ. ಗುರುಬಾಯಿ ಸೊಸೆಯನ್ನು ಕರೆತಂದ ಆ ದಿನ ಸಾಹೇಬರು ಮಾಡಿದ್ದು ಮಾತ್ರ ಯಾರೂ ಕಲಿಸಿ ಬರುವಂಥದ್ದಲ್ಲ.

ಅವರು ಕಾಶವ್ವನ ಹೊಲಿಗೆ ನೋಡುತ್ತಿದ್ದರು. ಗುರುಬಾಯಿ ಸೊಸೆಯ ತಲೆ ಹಿಡಿದು ನಿಂತಿದ್ದಳು. ಕಾಶವ್ವ ನನ್ನ ಕಡೆ ಮುಖ ತಿರುಗಿಸಿದಳು.

"ಬಾಯಾರ, ಅವತ್ತ ಜೀಪಿನ್ಯಾಗ ನನಗ ಬಂದದ್ದು ಕಣ್ಣೀರ ಹೌದಲ್ರಿ? ನಮ್ಮ ಅತ್ತಿಗಿ ಒಂದ್ಸಲ ಹೇಳ್ರಿ."

ಗುರುಬಾಯಿ ನನ್ನನ್ನೇ ನೋಡುತ್ತಿದ್ದಳು. ನನಗೆ ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಯಾವ ರೋಗಿಯ ಹೆಸರನ್ನೂ ಕೇಳದ ಸಾಹೇಬರು ಬ್ಯಾಟರಿ ಆರಿಸಿ, ಮುದುಕಿಯ ಕಡೆ ತಿರುಗಿದರು.

"ಹೌದಮ್ಮ," ಎಂದರು. "ಕಾಶವ್ವ ಅತ್ತಿದ್ದಳು. ಹೋದ ಕಣ್ಣನ್ನ ನಾನೇ ನೋಡಿದೀನಿ. ಅದು ಕಣ್ಣೀರೇ."

ಗುರುಬಾಯಿಯ ಕೈ ಸೊಸೆಯ ನೆತ್ತಿಯ ಮೇಲೆ ಒಮ್ಮೆ ಅಲುಗಿತು, ಆಮೇಲೆ ಅಲ್ಲೇ ನಿಂತಿತು. ಸಾಹೇಬರು ಸಾಲಿನ ಮುಂದಿನವರನ್ನು ಕರೆದರು.